ಯಾವ ದೇವದಾಸ ನೋಡೋಣ? ಕಲಬುರಗಿ ಸೀಮೆಯ ಮನೆಗಳಿಗೊಂದು ಹೋಲಿಕೆ

“ದೇವದಾಸ ನೋಡ್ಬೇಕಂತ ಮಾಡೀವ್ರಿ, ಯಾವುದು ನೋಡ್ಲಿ?” ಅಂತ ಕಲಬುರಗಿಯಲ್ಲಿ ಯಾರಾದರೂ ಕೇಳಿದರೆ ನಾನು ಮೊದಲು ತಿರುಗಿ ಕೇಳುವುದು ಒಂದೇ ಮಾತು: ನಿಮ್ಮ ಮನೆಯಲ್ಲಿ ಕನ್ನಡದ ಜೊತೆ ಇನ್ನಾವ ಭಾಷೆ ನಡೆಯುತ್ತದೆ? ಸೇಡಂ, ಚಿಂಚೋಳಿ, ಗುರುಮಠಕಲ್ ಕಡೆಯ ಎಷ್ಟೋ ಮನೆಗಳಲ್ಲಿ ತೆಲುಗು ಅರ್ಧ ಮನೆಮಾತು. ಸಂತ್ರಾಸವಾಡಿ, ರೋಜಾ, ಸೂಪರ್ ಮಾರ್ಕೆಟ್ ಸುತ್ತ ವ್ಯಾಪಾರ ಮಾಡಿದವರಿಗೆ ದಖನಿ ಉರ್ದು ಕಲಿಯಬೇಕಾದ ಭಾಷೆಯೇ ಅಲ್ಲ, ಅದು ತಾನಾಗಿ ನಾಲಿಗೆಗೆ ಬಂದಿರುತ್ತದೆ. ದೇವದಾಸ ಕಥೆಯ ಅತ್ಯುತ್ತಮ ಎರಡು ಸಿನಿಮಾಗಳು ಇರುವುದು ಇವೇ ಎರಡು ಭಾಷೆಗಳಲ್ಲಿ. ಸಬ್‌ಟೈಟಲ್ ಓದುತ್ತ ಕೂಡುವ ಕಷ್ಟವಿಲ್ಲದೆ ಎರಡನ್ನೂ ನೇರವಾಗಿ ಕಿವಿಯಿಂದಲೇ ಕೇಳುವ ಭಾಗ್ಯ ನಮ್ಮ ಭಾಗದವರಿಗಿದೆ. ಹಾಗಿದ್ದೂ ನಮ್ಮ ಹುಡುಗರು ಮೊಬೈಲಿನಲ್ಲಿ ಮೊದಲು ಕಣ್ಣಿಗೆ ಬಿದ್ದದ್ದನ್ನು ನೋಡಿ, ಕಥೆ ಇಷ್ಟೇ ಅಂದುಕೊಂಡು ಬಿಡುತ್ತಾರೆ. ಅದು ನನಗೆ ಸಂಕಟದ ಸಂಗತಿ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಮೂಲದ ಮಾತು. ಶರತ್‌ಚಂದ್ರ ಚಟ್ಟೋಪಾಧ್ಯಾಯರ ಬಂಗಾಳಿ ಕಾದಂಬರಿ ಪುಸ್ತಕವಾಗಿ ಬಂದದ್ದು 1917ರಲ್ಲಿ. ಬರೆದದ್ದು ಅದಕ್ಕೂ ಬಹಳ ಮೊದಲು, ಅವರ ಎಳೆಯ ವಯಸ್ಸಿನಲ್ಲಿ. ಚಿಕ್ಕ ಪುಸ್ತಕ, ಒಂದು ರಜಾದಿನದಲ್ಲಿ ಮುಗಿಯುತ್ತದೆ. ಜಮೀನ್ದಾರನ ಮಗ ದೇವದಾಸ, ಪಕ್ಕದ ಮನೆಯ ಹುಡುಗಿ ಪಾರ್ವತಿ, ಮದುವೆ ಕೂಡಿಬರಲಿಲ್ಲ, ಹುಡುಗ ಕುಡಿದು ಕುಡಿದು ಸತ್ತ. ಇಷ್ಟು ಎಲ್ಲರಿಗೂ ಗೊತ್ತು. ಮದುವೆ ಯಾಕೆ ಕೂಡಿಬರಲಿಲ್ಲ ಅಂತ ಕೇಳಿ ನೋಡಿ, ಸಿನಿಮಾ ನೋಡಿದವರೇ ತಡವರಿಸುತ್ತಾರೆ. ಜಾತಿ ಬೇರೆ ಇತ್ತು ಅನ್ನುತ್ತಾರೆ. ಇರಲಿಲ್ಲ. ಎರಡೂ ಬ್ರಾಹ್ಮಣರ ಮನೆಗಳೇ. ಪಾರ್ವತಿಯ ಮನೆತನದಲ್ಲಿ ಹೆಣ್ಣು ಕೊಡುವಾಗ ಹಣ ತೆಗೆದುಕೊಳ್ಳುವ ರೂಢಿ ಇತ್ತು. ಹೆಣ್ಣು ಮಾರುವ ಮನೆತನ ಅಂತ ಜಮೀನ್ದಾರನ ಮನೆಗೆ ಅದು ಕೀಳಾಗಿ ಕಂಡಿತು. ಮೇಲಾಗಿ ಗೋಡೆಗೆ ಗೋಡೆ ತಾಗಿದ ಮನೆಯಿಂದ ಸೊಸೆ ತರುವುದೇ ಅವಮಾನ ಅನ್ನಿಸಿತು. ಒಂದೇ ಜಾತಿಯಾದರೂ ಒಳಪಂಗಡ ನೋಡಿ, ಮನೆತನ ನೋಡಿ, ಹೊಲ ಎಷ್ಟು ಎಕರೆ ಅಂತ ನೋಡಿ ಸಂಬಂಧ ಮುರಿಯುವುದನ್ನು ಕಂಡ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಬೀದರ ಜಿಲ್ಲೆಯ ಬಸವಕಲ್ಯಾಣ ಇಲ್ಲಿಂದ ದೂರವಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಅಲ್ಲಿ ಲಗ್ನವಾಯಿತು. ಆ ಒಂದು ಲಗ್ನಕ್ಕೆ ಇಬ್ಬರು ತಂದೆಯರೂ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆಯ ಶಿಕ್ಷೆ ಅನುಭವಿಸಿದರು, ಕಲ್ಯಾಣ ಚೆಲ್ಲಾಪಿಲ್ಲಿಯಾಯಿತು. ಆ ಕಥೆ ಕೇಳುತ್ತ ಬೆಳೆದವರು ದೇವದಾಸನ ಮುಂದೆ ಕೂತಾಗ ಒಂದು ಪ್ರಶ್ನೆ ಸಹಜವಾಗಿ ಏಳುತ್ತದೆ. ಕಲ್ಯಾಣದಲ್ಲಿ ಹಿರಿಯರು ಪ್ರಾಣ ಕೊಟ್ಟು ನಿಂತರು. ಇಲ್ಲಿ ಪ್ರೀತಿಸಿದ ಹುಡುಗನೇ ನಿಲ್ಲಲಿಲ್ಲವಲ್ಲ, ಯಾಕೆ?

ಈ ಕಥೆಯ ಸಿನಿಮಾ ಆರಿಸಲು ನಾನು ಹಿಡಿದಿರುವ ಅಳತೆಗೋಲು ಆ ಪ್ರಶ್ನೆಯೇ. ಹಾಡು ಎಷ್ಟು ಚೆಂದ, ನಾಯಕ ಎಷ್ಟು ಚೆನ್ನಾಗಿ ಕುಡಿದವನಂತೆ ನಟಿಸಿದ ಅನ್ನುವುದಕ್ಕಿಂತ ಮುಖ್ಯವಾದದ್ದು, ಈ ಸಂಬಂಧ ಮುರಿದ ತಪ್ಪನ್ನು ಸಿನಿಮಾ ಯಾರ ತಲೆಗೆ ಕಟ್ಟುತ್ತದೆ ಅನ್ನುವುದು. ಅತ್ತೆಗೋ, ಅತ್ತಿಗೆಗೋ, ಅಪ್ಪನಿಗೋ, ಹಣೆಬರಹಕ್ಕೋ, ಅಥವಾ ದೇವದಾಸನಿಗೇ?

ಅದನ್ನು ನೋಡಲು ಒಂದು ದೃಶ್ಯ ಸಾಕು. ಕಾದಂಬರಿಯಲ್ಲಿ ಪಾರ್ವತಿ ನಡುರಾತ್ರಿ ಒಬ್ಬಳೇ ದೇವದಾಸನ ಕೋಣೆಗೆ ಬರುತ್ತಾಳೆ. ಹದಿಹರೆಯದ ಹುಡುಗಿ, ಆಳುಕಾಳು ಮಲಗಿರುವ ದೊಡ್ಡ ಮನೆ. ಹೆದರಬೇಕಾದವಳು ಅವಳು. ಹೆದರುವವನು ಅವನು. ಯಾರಾದರೂ ನೋಡಿದರಾ, ನಾಳೆ ಮುಖ ಹೇಗೆ ತೋರಿಸುತ್ತೀ ಅಂತ ಅವನ ಚಿಂತೆ. ನನ್ನ ಮಾನ ನೀನು ಮುಚ್ಚುತ್ತೀ ಅಂತ ಗಟ್ಟಿಯಾಗಿ ನಂಬಿಯೇ ಬಂದೆ ಅನ್ನುತ್ತಾಳೆ ಅವಳು. ಹೊಳೆಯಲ್ಲಿ ಅಷ್ಟೊಂದು ನೀರಿದೆ, ಅಷ್ಟು ನೀರಿಗೂ ನನ್ನ ಕಳಂಕ ಮುಚ್ಚಲಾಗದೇ ಅಂತಲೂ ಕೇಳುತ್ತಾಳೆ. ಇಷ್ಟಾದ ಮೇಲೂ ದೇವದಾಸ ಕಲಕತ್ತೆಗೆ ಹೋಗಿ, ನಿನ್ನ ಮೇಲೆ ನನಗೆ ಅಂಥ ಪ್ರೀತಿ ಎಂದೂ ಇರಲಿಲ್ಲ ಅನ್ನುವ ಅರ್ಥದ ಕಾಗದ ಬರೆಯುತ್ತಾನೆ. ಕಾದಂಬರಿಯ ಬೆನ್ನುಮೂಳೆ ಈ ರಾತ್ರಿ ಮತ್ತು ಈ ಕಾಗದ. ಇವೆರಡನ್ನು ಸಿನಿಮಾ ಹೇಗೆ ನಡೆಸಿಕೊಂಡಿದೆ ಅಂತ ನೋಡಿದರೆ ಉಳಿದದ್ದೆಲ್ಲ ತಿಳಿಯುತ್ತದೆ.

1955ರ ಬಿಮಲ್ ರಾಯ್ ದೇವದಾಸ

ಒಂದೇ ಒಂದು ನೋಡುತ್ತೇವೆ ಅನ್ನುವವರಿಗೆ ನನ್ನ ಉತ್ತರ ಇದು, ಎರಡು ಮಾತಿಲ್ಲ. ದಿಲೀಪ್ ಕುಮಾರ್ ದೇವದಾಸ, ಸುಚಿತ್ರಾ ಸೇನ್ ಪಾರು ಅಂದರೆ ಪಾರ್ವತಿ, ವೈಜಯಂತಿಮಾಲಾ ಕಲಕತ್ತೆಯ ಕೋಠಿಯಲ್ಲಿ ಹಾಡಿ ಕುಣಿಯುವ, ದೇವದಾಸನನ್ನು ಪ್ರೀತಿಸುವ ಚಂದ್ರಮುಖಿ, ಮೋತಿಲಾಲ್ ಅವನ ಕುಡಿತದ ಗೆಳೆಯ ಚುನ್ನಿಬಾಬು. ಬಂಗಾಳಿ ತೆರೆಯ ದೊಡ್ಡ ತಾರೆ ಸುಚಿತ್ರಾ ಸೇನ್‌ಗೆ ಇದು ಮೊದಲ ಹಿಂದಿ ಸಿನಿಮಾ. ಅವರ ಹಿಂದಿಯಲ್ಲಿ ಬಂಗಾಳದ ಮಣ್ಣಿನ ವಾಸನೆ ಇದೆ. ಪಾರು ಹಳ್ಳಿಯ ಬಂಗಾಳಿ ಹುಡುಗಿಯೇ ಆದ್ದರಿಂದ ಅದು ಕುಂದಾಗುವುದಿಲ್ಲ, ಇನ್ನಷ್ಟು ಒಪ್ಪುತ್ತದೆ.

ಈ ಸಿನಿಮಾದಲ್ಲಿ ಕೆಡುಕರಿಲ್ಲ. ಅಪ್ಪ ಗಟ್ಟಿ ಮನುಷ್ಯ, ಅಮ್ಮ ಮೆತ್ತಗಿನ ಹೆಂಗಸು, ಇಬ್ಬರೂ ತಮ್ಮ ಕಾಲದ ರೂಢಿಯಂತೆ ಮಾತಾಡುತ್ತಾರೆ ಅಷ್ಟೆ. ಹಾಗಾಗಿ ಆ ರಾತ್ರಿಯ ದೃಶ್ಯದಲ್ಲಿ ಬೇರೆ ಯಾರ ಮೇಲೂ ಸಿಟ್ಟು ಮಾಡಿಕೊಳ್ಳಲು ಆಗುವುದಿಲ್ಲ. ನೋಡುವವರ ಕಣ್ಣು ದಿಲೀಪ್ ಕುಮಾರ್ ಮುಖದ ಮೇಲೇ ನಿಲ್ಲುತ್ತದೆ. ಪ್ರೀತಿ ಇದೆ, ಧೈರ್ಯ ಇಲ್ಲ. ಆ ಎರಡೂ ಒಂದೇ ಮುಖದಲ್ಲಿ ಒಟ್ಟಿಗೆ ಕಾಣುತ್ತವೆ. ಸಿನಿಮಾ ಅವನನ್ನು ಬೈಯುವುದಿಲ್ಲ, ಕ್ಷಮಿಸುವುದೂ ಇಲ್ಲ. ಶರತ್‌ಚಂದ್ರರ ಬರವಣಿಗೆಗೆ ಇಷ್ಟು ಹತ್ತಿರ ಬಂದದ್ದು ಇನ್ನೊಂದಿಲ್ಲ ಅಂತ ನಾನು ನಂಬಿದ್ದೇನೆ.

ನಮ್ಮ ಭಾಗದವರು ಬಿಡಲೇಬಾರದ ಒಂದು ಭಾಗ ಆರಂಭದ ಬಾಲ್ಯದ ಭಾಗ. ಮುಂದಕ್ಕೆ ಓಡಿಸಿ ದಿಲೀಪ್ ಕುಮಾರ್ ಬರುವಲ್ಲಿಗೆ ಹೋಗುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಊರ ಬೀದಿಯಲ್ಲಿ ಬಾವುಲರು, ಅಂದರೆ ಬಂಗಾಳದ ಅಲೆಮಾರಿ ಭಕ್ತಿ ಹಾಡುಗಾರರು, ಏಕತಾರಿ ಹಿಡಿದು ಕೃಷ್ಣನ ವಿರಹದ ಪದ ಹಾಡುತ್ತ ಬರುತ್ತಾರೆ. ಗೀತಾ ದತ್ ಮತ್ತು ಮನ್ನಾ ಡೇ ಹಾಡಿದ್ದು. ದೇವದಾಸ ಊರು ಬಿಟ್ಟು ಹೋಗಿದ್ದಾನೆ, ಪುಟ್ಟ ಪಾರು ಹಾಡು ಕೇಳುತ್ತ ನಿಂತವಳು ತನ್ನ ಬಳಿ ಇದ್ದ ರೂಪಾಯಿಗಳನ್ನೆಲ್ಲ ಅವರಿಗೆ ಕೊಟ್ಟುಬಿಡುತ್ತಾಳೆ. ಹಾಗೆ ಕೊಟ್ಟುಬಿಡುವುದು ಕಾದಂಬರಿಯಲ್ಲೂ ಇದೆ. ಕಡಕೋಳ ಮಡಿವಾಳಪ್ಪನ ತತ್ವಪದಗಳನ್ನು ಏಕತಾರಿ, ದಮ್ಮಡಿ ಹಿಡಿದು ಹಾಡುವವರನ್ನು ಜಾತ್ರೆ, ಮಠ, ಸಾವಿನ ಮನೆಯ ಭಜನೆಗಳಲ್ಲಿ ಕೇಳಿದವರಿಗೆ ಈ ದೃಶ್ಯ ದೂರದ ಬಂಗಾಳದ್ದು ಅನ್ನಿಸುವುದೇ ಇಲ್ಲ. ಮುಂದೆ ಪಾರು ಏನೇನು ಬಿಟ್ಟುಕೊಡುತ್ತಾಳೋ ಅದರ ಮೊದಲ ಸೂಚನೆ ಅಲ್ಲಿದೆ.

ಇನ್ನು ಮಾತು. ಸಂಭಾಷಣೆ ಬರೆದವರು ಉರ್ದು ಕಥೆಗಾರ ರಾಜಿಂದರ್ ಸಿಂಗ್ ಬೇಡಿ, ಹಾಡು ಬರೆದವರು ಸಾಹಿರ್ ಲುಧಿಯಾನ್ವಿ, ಸಂಗೀತ ಎಸ್.ಡಿ. ಬರ್ಮನ್. ತಲತ್ ಮಹಮೂದ್ ದನಿಯ ನಡುಕ ದಿಲೀಪ್ ಕುಮಾರ್ ತುಟಿಗೆ ಎಷ್ಟು ಹೊಂದುತ್ತದೆ ಅಂದರೆ ಹಾಡು ಮುಗಿದು ಮಾತು ಶುರುವಾದದ್ದು ಗೊತ್ತಾಗುವುದಿಲ್ಲ. ಬೆಂಗಳೂರಿನ ಗೆಳೆಯರಿಗೆ ಈ ಉರ್ದು ಬಿಡಿಸಿ ಹೇಳಬೇಕಾಗುತ್ತದೆ. ಖಾಜಾ ಬಂದೇನವಾಜರ ಉರುಸಿನಲ್ಲಿ ಕವ್ವಾಲಿ ಕೇಳಿದ ಕಲಬುರಗಿಯವರಿಗೆ ಬೇಕಾಗಿಲ್ಲ. ನಮ್ಮ ಮುತ್ಯಾಗಳ ಕಾಲದವರು ಉರ್ದು ಮಾಧ್ಯಮದಲ್ಲೇ ಓದಿದವರು. 1955ರಲ್ಲಿ ಈ ಸಿನಿಮಾ ಬಂದಾಗ ಕಲಬುರಗಿ, ಬೀದರ ಇನ್ನೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು, ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಮನೆಯಲ್ಲಿ ಆ ತಲೆಮಾರಿನ ಹಿರಿಯರು ಇದ್ದರೆ ಅವರ ಪಕ್ಕದಲ್ಲೇ ಕೂತು ನೋಡಿ. ಅವರು ನಿಲ್ಲಿಸಿ ನಿಲ್ಲಿಸಿ ಒಂದೊಂದು ಸಾಲು ಮತ್ತೆ ಹೇಳುತ್ತಾರೆ, ಅದು ಬೇರೆಲ್ಲೂ ಸಿಗದ ಪಾಠ.

ಚಂದ್ರಮುಖಿಯ ವಿಷಯ ಬಂದರೆ ಈ ಸಿನಿಮಾ ಇನ್ನೂ ಮೇಲಕ್ಕೇರುತ್ತದೆ. ಆಕೆ ಕೋಠಿ ಬಿಟ್ಟು ಹಳ್ಳಿಯಲ್ಲಿ ಸಾದಾ ಬದುಕು ನಡೆಸುವುದು, ದೇವದಾಸನ ಸುದ್ದಿ ಹುಡುಕಿಕೊಂಡು ಹೊರಡುವುದು ಎಲ್ಲ ಇಲ್ಲಿ ಉಳಿದಿದೆ. ದಾರಿಯಲ್ಲಿ ಪಾರುವಿನ ಪಲ್ಲಕ್ಕಿ ಎದುರಾಗುತ್ತದೆ. ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ನೋಡುತ್ತಾರೆ, ಯಾರು ಅಂತ ಗೊತ್ತಿಲ್ಲ, ಒಂದು ಮಾತಿಲ್ಲ, ದಾಟಿ ಹೋಗುತ್ತಾರೆ. ಈ ಭೇಟಿ ಕಾದಂಬರಿಯಲ್ಲಿಲ್ಲ, ಆದರೂ ಕಾದಂಬರಿಯ ಧರ್ಮಕ್ಕೆ ಪೂರ್ತಿ ಒಪ್ಪುತ್ತದೆ. ವೈಜಯಂತಿಮಾಲಾ ಅವರಿಗೆ ಈ ಪಾತ್ರಕ್ಕೆ ಫಿಲಂಫೇರ್ ಪೋಷಕ ನಟಿ ಪ್ರಶಸ್ತಿ ಬಂದಾಗ ಅವರು ಅದನ್ನು ತೆಗೆದುಕೊಳ್ಳಲಿಲ್ಲ. ನನ್ನದು ಪೋಷಕ ಪಾತ್ರವಲ್ಲ, ಪಾರುವಿಗೆ ಸಮನಾದ ಪಾತ್ರ ಅನ್ನುವುದು ಅವರ ನಿಲುವು. ಸಿನಿಮಾ ನೋಡಿದವರು ಯಾರೂ ಅವರ ಮಾತನ್ನು ಅಲ್ಲಗಳೆಯಲಾರರು.

ಕೊರತೆ ಇಲ್ಲವೇ? ಇದೆ. ನಡುಭಾಗದ ನಂತರ ನಿಧಾನ. ಕಪ್ಪುಬಿಳುಪು ನೋಡಿ ರೂಢಿ ಇಲ್ಲದ ಮಕ್ಕಳು ಮೊದಲ ಅರ್ಧ ಗಂಟೆಯಲ್ಲೇ ಎದ್ದು ಹೋಗಬಹುದು. ಕೆಟ್ಟ ಪ್ರಿಂಟಿನಲ್ಲಿ ನೋಡಿದರೆ ಕಮಲ್ ಬೋಸರ ಛಾಯಾಗ್ರಹಣದ ಅರ್ಧ ಕಥೆ ಹಾಳಾಗುತ್ತದೆ. ಅದರಲ್ಲೂ ರಾತ್ರಿಯ ದೃಶ್ಯ. ಯೂಟ್ಯೂಬಿನಲ್ಲಿ ಹಳೆಯ ಸಿನಿಮಾಗಳ ಹಲವು ಪ್ರತಿಗಳು ಇರುತ್ತವೆ. ಮೊದಲು ಐದು ನಿಮಿಷ ಓಡಿಸಿ ನೋಡಿ, ಮುಖದ ನೆರಳು ಬೆಳಕು ಬೇರೆ ಬೇರೆಯಾಗಿ ಕಾಣುವ ಪ್ರತಿಯನ್ನೇ ಆರಿಸಿಕೊಳ್ಳಿ.

1953ರ ತೆಲುಗು ದೇವದಾಸು

ಮನೆಯಲ್ಲಿ ತೆಲುಗು ನಡೆಯುತ್ತಿದ್ದರೆ ಮೇಲಿನ ನನ್ನ ತೀರ್ಪು ಅಲುಗಾಡುತ್ತದೆ, ಅದನ್ನು ಪ್ರಾಮಾಣಿಕವಾಗಿ ಹೇಳಬೇಕು. ವೇದಾಂತಂ ರಾಘವಯ್ಯ ನಿರ್ದೇಶನ. ಅಕ್ಕಿನೇನಿ ನಾಗೇಶ್ವರ ರಾವ್ ದೇವದಾಸು, ಸಾವಿತ್ರಿ ಪಾರ್ವತಿ, ಲಲಿತಾ ಚಂದ್ರಮುಖಿ. ತಮಿಳಿನಲ್ಲೂ ಒಟ್ಟಿಗೇ ತೆಗೆದದ್ದು. ಬಿಮಲ್ ರಾಯ್ ಸಿನಿಮಾಕ್ಕಿಂತ ಎರಡು ವರ್ಷ ಮೊದಲೇ ಬಂದದ್ದು ಅನ್ನುವುದನ್ನು ಹಿಂದಿಯವರು ಮರೆತಿರುತ್ತಾರೆ. ಗುರುಮಠಕಲ್, ಸೇಡಂ ಕಡೆಯ ಆಯಿಗಳಿಗೆ ದೇವದಾಸ ಅಂದರೆ ಇಂದಿಗೂ ಅಕ್ಕಿನೇನಿಯೇ. ಶಾಲು ಹೊದ್ದು, ಗಡ್ಡ ಬಿಟ್ಟು, ಪಕ್ಕದಲ್ಲಿ ನಾಯಿಯನ್ನು ಕೂರಿಸಿಕೊಂಡು ಕೂತ ಆ ರೂಪ ತಲೆಯಿಂದ ಹೋಗುವುದಿಲ್ಲ.

ಇಲ್ಲಿ ತಪ್ಪು ಯಾರದ್ದು? ಸಿನಿಮಾ ಅದನ್ನು ಮನೆಯ ಗತ್ತಿಗೂ ಹಣೆಬರಹಕ್ಕೂ ಹಂಚಿಬಿಡುತ್ತದೆ. ಜಮೀನ್ದಾರ ಅಪ್ಪನಾಗಿ ಎಸ್.ವಿ. ರಂಗಾರಾವ್ ನಿಂತರೆ ಎದುರು ಮಾತಾಡುವ ಮಗನನ್ನು ಕಲ್ಪಿಸಿಕೊಳ್ಳುವುದೇ ಕಷ್ಟ. ಹಾಗಾಗಿ ದೇವದಾಸನ ಹೇಡಿತನ ಇಲ್ಲಿ ಸ್ವಲ್ಪ ಮರೆಯಾಗುತ್ತದೆ. ಜಗತ್ತೇ ಮಾಯೆ ಅನ್ನುವ ಅರ್ಥದ ಘಂಟಸಾಲ ಹಾಡು ಬಂದಾಗ ಕಥೆ ಒಬ್ಬ ಹುಡುಗನ ತಪ್ಪಿನಿಂದ ಬಿಡಿಸಿಕೊಂಡು ವೈರಾಗ್ಯದ ಕಡೆ ಹೊರಳುತ್ತದೆ. ನನ್ನ ಅಳತೆಗೋಲಿನಲ್ಲಿ ಇದು ಒಂದು ಮೆಟ್ಟಿಲು ಕೆಳಗೆ. ಆದರೆ ಹಾಡು ಕೇಳುತ್ತಿರುವಾಗ ಅಳತೆಗೋಲು ಹಿಡಿಯುವ ಮನಸ್ಸೇ ಬರುವುದಿಲ್ಲ. ಸಂಗೀತ ಸಿ.ಆರ್. ಸುಬ್ಬರಾಮನ್ ಅವರದ್ದು. ಸಿನಿಮಾ ತೆರೆಗೆ ಬರುವ ಮುಂಚೆಯೇ, ಇನ್ನೂ ಮೂವತ್ತು ತುಂಬದ ವಯಸ್ಸಿನಲ್ಲಿ ಅವರು ತೀರಿಕೊಂಡರು.

ತೆಲುಗು ದೇವದಾಸನ ನಿಜವಾದ ಬಲ ಸಾವಿತ್ರಿ. ಹುಡುಗಾಟದ ಪಾರ್ವತಿ, ರಾತ್ರಿ ಬಂದು ಕೇಳುವ ಪಾರ್ವತಿ, ವಯಸ್ಸಾದ ವಿಧುರ ಜಮೀನ್ದಾರನ ಎರಡನೆಯ ಹೆಂಡತಿಯಾಗಿ ತನ್ನದೇ ಓರಗೆಯ ಮಕ್ಕಳಿಗೆ ತಾಯಿಯಾಗುವ ಪಾರ್ವತಿ. ಮೂವರೂ ಬೇರೆ ಬೇರೆ ಹೆಂಗಸರಂತೆ ಕಾಣುತ್ತಾರೆ, ಆದರೆ ಕಣ್ಣು ಒಂದೇ. ಸುಚಿತ್ರಾ ಸೇನ್ ಪಾರು ನೋವನ್ನು ಒಳಗೆ ಬಚ್ಚಿಟ್ಟುಕೊಳ್ಳುತ್ತಾಳೆ. ಸಾವಿತ್ರಿಯ ಪಾರ್ವತಿ ನಗುತ್ತಲೇ ನೋವನ್ನು ಕಾಣಗೊಡುತ್ತಾಳೆ. ಎರಡನೆಯ ಸಂಬಂಧಕ್ಕೆ ಕೊಟ್ಟ ಹೆಣ್ಣುಮಕ್ಕಳು ಇರುವ ಊರುಗಳಲ್ಲಿ ಇದನ್ನು ನೋಡಿದ ಹೆಂಗಸರು ದೇವದಾಸನ ವಿಷಯ ಬಿಟ್ಟು ಪಾರ್ವತಿಯ ವಿಷಯವನ್ನೇ ಮಾತಾಡುತ್ತಾರೆ, ಮಾತಾಡಬೇಕಾದ್ದೂ ಅದೇ.

ಇನ್ನೊಂದು ಕನ್ನಡದ ನಂಟು ಹೇಳಿಬಿಡುತ್ತೇನೆ. ದೇವದಾಸನಿಗೆ ಕುಡಿತ ಕಲಿಸುವ ಗೆಳೆಯ ಭಗವಾನ್ ಪಾತ್ರ ಮಾಡಿದ ಪೇಕೇಟಿ ಶಿವರಾಂ ಮುಂದೆ ಕನ್ನಡಕ್ಕೆ ಬಂದು ನಿರ್ದೇಶಕರಾದರು. ರಾಜ್‌ಕುಮಾರ್ ಅವರ ಕುಲಗೌರವ ಅವರದ್ದೇ.

ತೆಲುಗು ಸ್ವಲ್ಪವೂ ಬಾರದವರು ಇದನ್ನು ಮೊದಲು ನೋಡಬೇಡಿ. ಸುಮಾರು ಮೂರು ಗಂಟೆಯ ಸಿನಿಮಾ. ಮಾತಿನ ಸೊಗಸು ತಪ್ಪಿದರೆ ಉದ್ದ ಅನ್ನಿಸುತ್ತದೆ. 1955ರದ್ದು ನೋಡಿ ಕಥೆ ಮನಸ್ಸಿಗೆ ಕೂತ ಮೇಲೆ ಬನ್ನಿ, ಆಗ ಭಾಷೆ ಅಡ್ಡ ಬರುವುದಿಲ್ಲ.

2002ರ ಸಂಜಯ್ ಲೀಲಾ ಭನ್ಸಾಲಿ ದೇವದಾಸ

ಹೊಸ ತಲೆಮಾರಿನ ಬಹುಪಾಲು ಜನಕ್ಕೆ ದೇವದಾಸ ಅಂದರೆ ಶಾರುಖ್ ಖಾನ್. ಪಾರು ಐಶ್ವರ್ಯಾ ರೈ, ಚಂದ್ರಮುಖಿ ಮಾಧುರಿ ದೀಕ್ಷಿತ್. ಕಾನ್ ಚಿತ್ರೋತ್ಸವದಲ್ಲಿ ತೋರಿಸಿದ್ದು, ಐದು ರಾಷ್ಟ್ರಪ್ರಶಸ್ತಿ ಬಂದದ್ದು. ಅವುಗಳಲ್ಲಿ ಒಂದು ಮೊದಲ ಸಿನಿಮಾಕ್ಕೇ ಹಾಡಿದ ಶ್ರೇಯಾ ಘೋಷಾಲ್ ಅವರದ್ದು, ಒಂದು ನೃತ್ಯ ಸಂಯೋಜನೆಗೆ ಸರೋಜ್ ಖಾನ್ ಅವರದ್ದು. ನಿತಿನ್ ಚಂದ್ರಕಾಂತ್ ದೇಸಾಯಿ ಕಟ್ಟಿದ ಸೆಟ್ಟುಗಳನ್ನು ನೋಡಿದರೆ ಬಣ್ಣದ ಗಾಜಿನ ಮನೆಯೊಳಗೆ ಹೊಕ್ಕಂತೆ. ಬಿರ್ಜು ಮಹಾರಾಜರು ಮಾಧುರಿಗೆ ಕೂಡಿಸಿದ ಕಥಕ್ ಒಂದನ್ನು ನೋಡಲಿಕ್ಕಾದರೂ ಈ ಸಿನಿಮಾ ನೋಡಬಹುದು. ಇವನ್ನೆಲ್ಲ ನಾನು ಮನಸಾರೆ ಮೆಚ್ಚುತ್ತೇನೆ.

ಆದರೆ ನನ್ನ ಪ್ರಶ್ನೆ ಕೇಳಿದ ಕೂಡಲೆ ಸಿನಿಮಾ ತತ್ತರಿಸುತ್ತದೆ. ತಪ್ಪು ಯಾರದ್ದು? ಇಲ್ಲಿ ಉತ್ತರ ಸಲೀಸು: ಅಮ್ಮನದ್ದು, ಅತ್ತಿಗೆಯದ್ದು. ಪಾರುವಿನ ತಾಯಿಯನ್ನು ತುಂಬಿದ ಸಭೆಯಲ್ಲಿ ಕುಣಿಸಿ, ಆಮೇಲೆ ಕುಣಿಯುವವರ ಮನೆತನ ಅಂತ ಹಂಗಿಸಿ ಕಳಿಸುತ್ತಾರೆ. ಆಕೆ ಅವಮಾನ ತಾಳದೆ, ನಿಮಗಿಂತ ದೊಡ್ಡ ಮನೆಗೆ ಮಗಳನ್ನು ಕೊಡುತ್ತೇನೆ ಅಂತ ಶಪಥ ಮಾಡುತ್ತಾಳೆ. ಕಿರಣ್ ಖೇರ್ ಆ ದೃಶ್ಯದಲ್ಲಿ ಎದೆ ನಡುಗಿಸುತ್ತಾರೆ, ನಿಜ. ಆದರೆ ಇಷ್ಟೆಲ್ಲ ಕೆಡುಕರನ್ನು ನಿಲ್ಲಿಸಿದ ಮೇಲೆ ದೇವದಾಸನ ಕೈಯಲ್ಲಿ ಏನು ಉಳಿಯಿತು? ಅವನು ಬರೀ ಪಾಪದ ಹುಡುಗನಾಗುತ್ತಾನೆ. ಲಂಡನ್ನಿಗೆ ಹೋಗಿ ಓದಿ ಬಂದ ವಕೀಲ ಒಂದು ರಾತ್ರಿ ಬಾಯಿ ಬಿಡಲಾಗದೆ ಕೂತದ್ದು ಅವನ ದೋಷವಾಗಿ ಕಾಣುವುದೇ ಇಲ್ಲ. ಮೂಲದಲ್ಲಿ ಲಂಡನ್ ಇಲ್ಲ, ಕಲಕತ್ತೆ ಮಾತ್ರ.

ಹಣೆಯ ಗಾಯವನ್ನೇ ನೋಡಿ. ಕಾದಂಬರಿಯಲ್ಲಿ ದೇವದಾಸ ಗಾಳ ಹಾಕಿ ಮೀನು ಹಿಡಿಯುವ ಬಿದಿರು ಕೋಲಿನಿಂದ ಪಾರುವಿನ ಹಣೆಗೆ ಹೊಡೆಯುತ್ತಾನೆ. ಒರಟು ಏಟು. ಕೆರೆಯ ದಂಡೆ, ರಕ್ತ, ಗಾಬರಿ, ಆಮೇಲೆ ತನ್ನದೇ ಬಟ್ಟೆ ಹರಿದು ಕಟ್ಟುವುದು. ಭನ್ಸಾಲಿಯಲ್ಲಿ ಅದೇ ಏಟು ಮುತ್ತಿನ ಹಾರದಿಂದ ಬೀಳುತ್ತದೆ, ಗಾಯವೂ ಒಡವೆಯಂತೆ ಕಾಣುತ್ತದೆ. ಹೊಡೆತವನ್ನು ಇಷ್ಟು ಚೆಂದ ಮಾಡಿ ತೋರಿಸಬಾರದಿತ್ತು. ಮನೆಯ ಹೆಣ್ಣುಮಕ್ಕಳ ಜೊತೆ ಕೂತು ನೋಡುವವರು ಈ ದೃಶ್ಯದ ಬಗ್ಗೆ ಬಾಯಿಬಿಟ್ಟು ಮಾತಾಡಬೇಕು. ಪ್ರೀತಿ ಇದ್ದವನು ಹೊಡೆದರೆ ಅದು ಪ್ರೀತಿಯ ಗುರುತು ಅನ್ನುವ ಮಾತು ಯಾವ ಹುಡುಗಿಯ ತಲೆಯಲ್ಲೂ ಕೂಡಬಾರದು.

ಪಾರು, ಚಂದ್ರಮುಖಿ ಕೂಡಿ ಕುಣಿಯುವ ಹಾಡಿನ ಬಗ್ಗೆ ದೂರು ಹೇಳುವವರು ಬಹಳ. ಮೂಲದಲ್ಲಿ ಇಬ್ಬರೂ ಎದುರಾಗುವುದೇ ಇಲ್ಲ ಅನ್ನುವುದು ಸರಿ. ನನಗೆ ಆ ಹಾಡಿನ ಮೇಲೆ ಸಿಟ್ಟಿಲ್ಲ. ಒಬ್ಬ ಗಂಡಸಿಗಾಗಿ ಇಬ್ಬರು ಹೆಂಗಸರು ಜಗಳವಾಡದೆ ಒಬ್ಬರಿಗೊಬ್ಬರು ಮರ್ಯಾದೆ ಕೊಡುತ್ತಾರೆ, ಅದು ಒಳ್ಳೆಯದೇ. ಆದರೂ ಪಲ್ಲಕ್ಕಿ ದಾಟಿ ಹೋಗುವ ಆ ಮೌನದ ಪಕ್ಕದಲ್ಲಿ ಇಟ್ಟರೆ ಇದು ಗದ್ದಲ.

ಯಾರಿಗೆ ಇದು? ಮದುವೆ, ಸೀಮಂತಕ್ಕೆ ನೆಂಟರು ಸೇರಿ ಮನೆ ತುಂಬಿರುವಾಗ, ದೊಡ್ಡ ಟಿವಿ ಇದ್ದು ಒಳ್ಳೆಯ ಸ್ಪೀಕರ್ ಇದ್ದರೆ ಹಾಕಿ. ಮೂರು ಗಂಟೆ ಮೀರುತ್ತದೆ, ರಾತ್ರಿ ಊಟಕ್ಕೆ ಮೊದಲು ಶುರು ಮಾಡುವುದು ಒಳ್ಳೆಯದು. ಸಣ್ಣ ಮೊಬೈಲಿನಲ್ಲಿ ನೋಡಿದರೆ ಈ ಸಿನಿಮಾಕ್ಕೆ ಇರುವ ಒಂದೇ ದೊಡ್ಡ ಗುಣವೂ ಕೈತಪ್ಪುತ್ತದೆ.

2009ರ ದೇವ್.ಡಿ

ಅನುರಾಗ್ ಕಶ್ಯಪ್ ಕಥೆಯನ್ನು ಪಂಜಾಬಿಗೂ ದಿಲ್ಲಿಗೂ ತಂದು ನಿಲ್ಲಿಸಿದರು. ಅಭಯ್ ದೇವಲ್ ದೇವ್, ಮಾಹಿ ಗಿಲ್ ಪಾರೋ, ಕಲ್ಕಿ ಕೇಕ್ಲಾ ಚಂದಾ. ಸಂಗೀತಕ್ಕೆ ಅಮಿತ್ ತ್ರಿವೇದಿಗೆ ರಾಷ್ಟ್ರಪ್ರಶಸ್ತಿ ಬಂತು. ನನ್ನ ಪ್ರಶ್ನೆಗೆ ಅತ್ಯಂತ ನೇರ ಉತ್ತರ ಕೊಡುವುದು ಇದೇ: ತಪ್ಪು ದೇವನದ್ದು, ಪೂರ್ತಿ ಅವನದ್ದು. ಯಾರೋ ಹೇಳಿದ ಚಾಡಿ ಮಾತು ನಂಬಿ ಪಾರೋಳನ್ನು ಅನುಮಾನಿಸುತ್ತಾನೆ, ಅವಮಾನಿಸುತ್ತಾನೆ. ಅವಳು ಬೇರೆ ಮದುವೆಯಾಗಿ ನೆಮ್ಮದಿಯಿಂದ ಬಾಳುತ್ತಾಳೆ, ಅವನಿಗಾಗಿ ಬಾಗಿಲ ಬಳಿ ಕಾಯುವುದಿಲ್ಲ. ಹಳೆಯ ದೇವದಾಸರಲ್ಲಿ ಯಾರೂ ಪಾರುವಿಗೆ ಕೊಡದ ಬಿಡುಗಡೆ ಅದು. ದೇವ್ ಕೊನೆಗೆ ಸಾಯುವುದೂ ಇಲ್ಲ.

ಇದು ವಯಸ್ಕರಿಗೆ ಮಾತ್ರ ಅಂತ ಪ್ರಮಾಣಪತ್ರ ಪಡೆದ ಸಿನಿಮಾ. ಮಾದಕ ವಸ್ತು, ಒರಟು ಮಾತು, ಲೈಂಗಿಕ ವಿಷಯ ಎಲ್ಲ ಬರುತ್ತದೆ. ಅಪ್ಪ ಅಮ್ಮನ ಜೊತೆ ಕೂತು ನೋಡುವಂಥದ್ದಲ್ಲ. ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿರುವ, ಸಾಹಿತ್ಯ ಓದುತ್ತಿರುವ ಹುಡುಗ ಹುಡುಗಿಯರು ನೋಡಲಿ. ನೋಡುವ ಮೊದಲು 1955ರದ್ದು ನೋಡಿರಲೇಬೇಕು, ಇಲ್ಲದಿದ್ದರೆ ಕಶ್ಯಪ್ ಯಾವುದರ ಜೊತೆ ಜಗಳವಾಡುತ್ತಿದ್ದಾರೆ ಅನ್ನುವುದೇ ತಿಳಿಯುವುದಿಲ್ಲ.

ಬರುವಾ ಮತ್ತು ಸೈಗಲ್

ಕಲಕತ್ತೆಯ ಸಿನಿಮಾ ಸಂಸ್ಥೆ ನ್ಯೂ ಥಿಯೇಟರ್ಸ್‌ನಲ್ಲಿ ಪಿ.ಸಿ. ಬರುವಾ 1935ರಲ್ಲಿ ಬಂಗಾಳಿಯಲ್ಲಿ ತಾವೇ ದೇವದಾಸನಾಗಿ ನಟಿಸಿದರು. ಹಿಂದಿಯ ಪ್ರತಿಗೆ ಕೆ.ಎಲ್. ಸೈಗಲ್‌ರನ್ನು ತಂದರು. ಆ ಹಿಂದಿ ಸಿನಿಮಾದ ಛಾಯಾಗ್ರಾಹಕರಾಗಿ ಕೆಲಸ ಮಾಡಿದವರೇ ಮುಂದೆ 1955ರಲ್ಲಿ ಅದೇ ಕಥೆಯನ್ನು ಮತ್ತೆ ಎತ್ತಿಕೊಂಡ ಬಿಮಲ್ ರಾಯ್. ತಮ್ಮ ಸಿನಿಮಾವನ್ನು ಅವರು ಬರುವಾ ಮತ್ತು ಸೈಗಲ್ ನೆನಪಿಗೆ ಅರ್ಪಿಸಿದ್ದಾರೆ. ಹಳೆಯ ಸಿನಿಮಾ ಚರಿತ್ರೆಯಲ್ಲಿ ಆಸಕ್ತಿ ಇದ್ದವರು ಬರುವಾ ಅವರ ಸಿನಿಮಾ ನೋಡಿ. ಉಳಿದವರಿಗೆ ಸೈಗಲ್ ಹಾಡುಗಳನ್ನು ಕೇಳಿದರೆ ಸಾಕು. ದನಿಮುದ್ರಣ ಹಳೆಯದು, ಮಾತು ಹಿಡಿಯುವುದು ಕಷ್ಟ.

ಕೊನೆಯ ದೃಶ್ಯದ ಬಗ್ಗೆ

ಸಾಯುವ ಮುಂಚೆ ದೇವದಾಸ ರೈಲಿಳಿದು, ಎತ್ತಿನ ಗಾಡಿಯಲ್ಲಿ ಪಾರುವಿನ ಗಂಡನ ಊರಿಗೆ ಬರುತ್ತಾನೆ. ಅವಳ ಮನೆಯ ಮುಂದೆ ಮರದ ಕೆಳಗೆ ಬೀಳುತ್ತಾನೆ. 1955ರಲ್ಲೂ 2002ರಲ್ಲೂ ಪಾರು ಓಡಿ ಬರುವಾಗ ದೊಡ್ಡ ಬಾಗಿಲು ಮುಚ್ಚಿಕೊಳ್ಳುತ್ತದೆ. ಕಾದಂಬರಿ ಇದಕ್ಕಿಂತ ಕ್ರೂರ. ಅವಳಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಯಾವ ಜಾತಿಯವನೋ ಅಂತ ಊರಿನವರು ಹೆಣ ಮುಟ್ಟಲು ಹಿಂಜರಿದು, ಅಸ್ಪೃಶ್ಯರ ಕೈಯಿಂದ ಸಾಗಿಸಿರುತ್ತಾರೆ. ಮನೆತನದ ಹೆಚ್ಚುಗಾರಿಕೆಗೆ ಮದುವೆ ತಪ್ಪಿಸಿದ ಮನೆಯ ಮಗನಿಗೆ ಹೆಣ ಹೊರಲು ತನ್ನವರೊಬ್ಬರೂ ಸಿಗಲಿಲ್ಲ. ಶರತ್‌ಚಂದ್ರರು ಜಾತಿಗೆ ಕೊಟ್ಟ ಈ ಏಟನ್ನು ಯಾವ ಸಿನಿಮಾವೂ ಅಷ್ಟೇ ಗಟ್ಟಿಯಾಗಿ ತೋರಿಸಲಿಲ್ಲ. ಮುಚ್ಚುವ ಬಾಗಿಲು ಕಣ್ಣಿಗೆ ಕಟ್ಟುತ್ತದೆ ಅಂತ ಎಲ್ಲರೂ ಅದನ್ನೇ ಹಿಡಿದರು. ಅದಕ್ಕೇ ಯಾವ ಸಿನಿಮಾ ಆರಿಸಿದರೂ ಪುಸ್ತಕದ ಕೊನೆಯ ಅಧ್ಯಾಯವನ್ನಾದರೂ ಓದಿ ಅಂತ ಒತ್ತಾಯ ಮಾಡುತ್ತೇನೆ. ಶರತ್‌ಚಂದ್ರರ ಕಾದಂಬರಿಗಳು ಕನ್ನಡದಲ್ಲಿ ದಶಕಗಳಿಂದ ಓದಿಸಿಕೊಂಡು ಬಂದಿವೆ, ಹಳೆಯ ಗ್ರಂಥಾಲಯಗಳ ಕಪಾಟಿನಲ್ಲಿ ಹುಡುಕಿ.

ಇನ್ನು ಆಯ್ಕೆ. ಹಿಂದಿ, ಉರ್ದು ಬರುವ ಮನೆಗೆ 1955ರದ್ದು, ಅದೂ ಪೂರ್ತಿ, ಬಾಲ್ಯದ ಭಾಗ ಬಿಡದೆ. ತೆಲುಗಿನ ಮನೆಗೆ 1953ರದ್ದು, ಒಂದೆರಡು ವಾರ ಬಿಟ್ಟು 1955ರದ್ದು. ಎರಡನ್ನೂ ಬೆನ್ನಿಗೆ ಬೆನ್ನು ನೋಡಿದರೆ ಎರಡನೆಯದು ಸಪ್ಪೆ ಅನ್ನಿಸುತ್ತದೆ. ಕನ್ನಡ ಮಾತ್ರ ಬಲ್ಲವರು ಪುಸ್ತಕ ಮೊದಲು ಓದಿ ಆಮೇಲೆ 1955ಕ್ಕೆ ಬನ್ನಿ. ಭನ್ಸಾಲಿಯದು ನೆಂಟರ ಜೊತೆ, ದೊಡ್ಡ ಪರದೆಯಲ್ಲಿ. ಕಾಲೇಜಿನಲ್ಲಿ ಚಿತ್ರಸಂಘ ನಡೆಸುವವರು 1955ರದ್ದನ್ನೂ ದೇವ್.ಡಿಯನ್ನೂ ಜೋಡಿಯಾಗಿ ಇಟ್ಟು, ನಡುವೆ ಒಂದು ದಿನ ಚರ್ಚೆಗೆ ಬಿಡಿ. ಆ ಚರ್ಚೆಯಲ್ಲಿ ಹುಡುಗಿಯರಿಗೆ ಮೊದಲು ಮಾತಾಡಲು ಬಿಡಿ. ಹುಡುಗರು ದೇವದಾಸನ ಕುಡಿತದಿಂದ ಶುರು ಮಾಡುತ್ತಾರೆ, ಹುಡುಗಿಯರು ಆ ರಾತ್ರಿಯಿಂದ ಶುರು ಮಾಡುತ್ತಾರೆ.